ಅಳತೆಯ ಕನ್ನಡ

ಆದವಾನಿಯ ಪೇಟೆಯಲ್ಲಿ ಹೊಸದೊಂದು ಬಟ್ಟೆಯಂಗಡಿ ಸಿದ್ಧವಾಗುತ್ತಿದೆ ಎಂದು ಭಾವಿಸೋಣ. ಅಲಮಾರು, ಫಾಲ್ಸ್ ಸೀಲಿಂಗ್, ನೆಲಹಾಸು, ಬಣ್ಣ ಇತ್ಯಾದಿ ಒಳಾಂಗಣದ ಕೆಲಸಗಳಿಗೆ ಮಾಲೀಕರು ಮೂವರಿಂದ ದರ ಕೇಳುತ್ತಾರೆ. ‘ಒಳ್ಳೆಯ ಪ್ಲೈವುಡ್ಡಿನ ಅಲಮಾರು, ಉತ್ತಮ ಬಣ್ಣ’ ಎಂದಷ್ಟೇ ಬರೆದುಕೊಟ್ಟರೆ, ಒಬ್ಬರು 6 ಲಕ್ಷ ರೂಪಾಯಿ ಎನ್ನಬಹುದು, ಇನ್ನೊಬ್ಬರು 9 ಲಕ್ಷ ಎನ್ನಬಹುದು. ಕೆಲಸ ಕಡಿಮೆ ಹೇಳಿದವರ ಪಾಲಾಗುತ್ತದೆ. ಆದರೆ ಅವರು ಕಡಿಮೆ ಮಾಡಿದ್ದು ದರವನ್ನೋ, ‘ಒಳ್ಳೆಯ’ ಎಂಬ ಪದದ ಅರ್ಥವನ್ನೋ? ಈ ಪ್ರಶ್ನೆ ಮರಗೆಲಸಕ್ಕಿಂತ ಹೆಚ್ಚಾಗಿ ಅರ್ಥವಿಚಾರಕ್ಕೆ ಸೇರಿದ್ದು. ಆದುದರಿಂದ ಕನ್ನಡವನ್ನು ಐಚ್ಛಿಕವಾಗಿ ಓದುವ ನಮಗೂ ಅದು ಸಂಬಂಧಿಸಿದೆ.

ಕರಾರುಪತ್ರದ ಒಂದೊಂದು ಭಾಗಕ್ಕೂ ಒಂದೊಂದು ಹೊಣೆಯಿದೆ. ಯಾವುದು ಎಲ್ಲಿ, ಎಷ್ಟು ಉದ್ದಗಲದಲ್ಲಿ ಬರಬೇಕೆಂಬುದನ್ನು ನಕ್ಷೆ ತೋರಿಸುತ್ತದೆ. ಯಾವ ಸಾಮಗ್ರಿ, ಎಂತಹ ಕೆಲಸಗಾರಿಕೆ ಎಂಬುದನ್ನು ನಿರ್ದಿಷ್ಟ ವಿವರಣೆ ಹೇಳುತ್ತದೆ. ಎಷ್ಟು ಎಂಬುದನ್ನು ಪರಿಮಾಣಪಟ್ಟಿಯೂ, ಹಣ ಯಾವಾಗ, ನಷ್ಟ ಯಾರದು ಎಂಬುದನ್ನು ಷರತ್ತುಗಳೂ ತಿಳಿಸುತ್ತವೆ. ‘ಒಳ್ಳೆಯ ಪ್ಲೈವುಡ್’ ಎಂಬುದರ ಬದಲಿಗೆ ‘ಐಎಸ್ 710 ಗುಣಮಟ್ಟದ, 19 ಮಿ.ಮೀ. ದಪ್ಪದ ಪ್ಲೈವುಡ್’ ಎಂದು ಬರೆದರೆ, ನೀರಿನ ಪಸೆ ತಡೆಯುವ ಹಲಗೆಯೇ ಬೇಕೆಂಬುದು ಮೂವರಿಗೂ ಒಂದೇ ರೀತಿಯಲ್ಲಿ ತಿಳಿಯುತ್ತದೆ. ‘ಕಡಪಾ ಕಲ್ಲು’ ಎಂದರೆ ಸಾಲದು. ದಪ್ಪವೆಷ್ಟು, ನಯಗೊಳಿಸುವುದು ಒಂದು ಮುಖವೋ ಎರಡೋ ಎಂಬುದೂ ಬೇಕು. ಎಲ್ಲರೂ ಒಂದೇ ವಸ್ತುವಿಗೆ ಬೆಲೆ ಕಟ್ಟಿದಾಗ ಮಾತ್ರ ದರಗಳನ್ನು ಹೋಲಿಸಲು ಬರುತ್ತದೆ. ಅನೇಕ ಸರ್ಕಾರಿ ಟೆಂಡರುಗಳಲ್ಲಿ ತಾಂತ್ರಿಕ ಲಕೋಟೆಯನ್ನು ಮೊದಲು ತೆರೆದು, ಅರ್ಹರಾದವರ ದರದ ಲಕೋಟೆಯನ್ನು ಆಮೇಲೆ ತೆರೆಯುವುದು ಇದೇ ಕಾರಣಕ್ಕೆ.

ಈ ಶಿಸ್ತು ಕನ್ನಡಕ್ಕೆ ಹೊಸದಲ್ಲ. ಆದವಾನಿ ಸೀಮೆಯ ಪೆದ್ದತುಂಬಳದಲ್ಲಿ ಕನ್ನಡ ಶಾಸನಗಳಿವೆ. ಕನ್ನಡದ ದಾನಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಗೊತ್ತು: ಅರಸನ ಪ್ರಶಸ್ತಿ ವಿಶೇಷಣಗಳಿಂದ ತುಂಬಿರುತ್ತದೆ, ಭೂಮಿಯ ಮಾತು ಬಂದೊಡನೆ ಭಾಷೆ ಬಿಗಿಯಾಗುತ್ತದೆ. ಎಷ್ಟು ಮತ್ತರು, ಯಾವ ಕೋಲಿನ ಅಳತೆ, ಮೂಡಲಿಗೆ ಯಾವ ಕಲ್ಲು, ಪಡುವಲಿಗೆ ಯಾವ ಹಳ್ಳ ಎಂಬ ವಿವರಗಳು ಬರುತ್ತವೆ. ಹೊಗಳಿಕೆಗೆ ಒಂದು ಕನ್ನಡ, ಎಲ್ಲೆಗೆ ಇನ್ನೊಂದು ಕನ್ನಡ. ನಾವು ಮೊದಲನೆಯದನ್ನು ಪಾಠದಲ್ಲಿ ಉಳಿಸಿಕೊಂಡು ಎರಡನೆಯದನ್ನು ಬಳಕೆಯಿಂದ ಬಿಟ್ಟುಕೊಟ್ಟಿದ್ದೇವೆ ಎಂಬುದೇ ನನ್ನ ಆಕ್ಷೇಪ.

ಬಿಟ್ಟುಕೊಟ್ಟುದರ ಪರಿಣಾಮ ಈ ಗಡಿಭಾಗದಲ್ಲಿ ಹೆಚ್ಚು ಎದ್ದು ಕಾಣುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟವು. ಇಂದು ಇಲ್ಲಿನ ಎಷ್ಟೋ ಕುಟುಂಬಗಳಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಕರಾರಿನಲ್ಲಿ ಇಂಗ್ಲಿಷ್. ಮನೆಮಾತು ಕನ್ನಡವಾಗಿರುವ ಬಡಗಿಯೋ ಬಣ್ಣದವನೋ ಬಾಯಲ್ಲಿ ಹೇಳಿದ್ದನ್ನು ನಂಬಿ ಕಾಗದಕ್ಕೆ ಸಹಿ ಹಾಕಿದರೆ, ತಕರಾರಿನ ದಿನ ನಿಲ್ಲುವುದು ಕಾಗದ. ಲಿಖಿತ ಕರಾರಿನ ಷರತ್ತಿಗೆ ವಿರುದ್ಧವಾದ ಬಾಯಿಮಾತನ್ನು, ಕೆಲವು ಅಪವಾದಗಳ ಹೊರತು, ನಮ್ಮ ಸಾಕ್ಷ್ಯ ಕಾನೂನು ಒಪ್ಪುವುದಿಲ್ಲ. ‘ಅಥವಾ ತತ್ಸಮಾನ’ ಎಂಬ ಎರಡು ಪದಗಳು ಸೇರಿದ್ದರೆ, ಸಮಾನವೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರೆಂಬುದನ್ನೂ ಸಹಿಗೆ ಮೊದಲೇ ಓದಿ ತಿಳಿದಿರಬೇಕು.

ಎರಡು ಭಾಷೆಗಳಲ್ಲಿ ಕರಾರು ಬರೆದರೆ ಗೊಂದಲ ಹೆಚ್ಚುವುದಿಲ್ಲವೇ ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ನಕ್ಷೆಗೂ ವಿವರಣೆಗೂ ಭೇದ ಕಂಡಾಗ ಯಾವುದು ಪ್ರಮಾಣವೆಂದು ಕರಾರುಗಳಲ್ಲಿ ಮೊದಲೇ ನಮೂದಿಸುವ ರೂಢಿಯಿದೆ. ಭಾಷೆಗಳ ವಿಷಯದಲ್ಲಿಯೂ ಹಾಗೆಯೇ ಒಂದು ವಾಕ್ಯ ಬರೆದರೆ ಸಾಕು. ಖಾಸಗಿ ಕರಾರು ಇಂತಹ ಭಾಷೆಯಲ್ಲಿಯೇ ಇರಬೇಕೆಂದು 1872ರ ಭಾರತೀಯ ಕರಾರು ಅಧಿನಿಯಮವು ವಿಧಿಸಿಲ್ಲ. ಇಂಗ್ಲಿಷ್ ಪಠ್ಯವೇ ಪ್ರಮಾಣವಾಗಿರಲಿ. ಕೆಲಸ ಮಾಡುವ ಕೈಗೆ ಅರ್ಥವಾಗುವ ಕನ್ನಡ ಪ್ರತಿಯೊಂದು ಅದರ ಜೊತೆಗಿರಲಿ.

ಆ ಪ್ರತಿಯನ್ನು ಬರೆಯಬಲ್ಲವರು ಕನ್ನಡವನ್ನೂ ತೆಲುಗನ್ನೂ ಬಲ್ಲ ಇಲ್ಲಿನ ವಿದ್ಯಾರ್ಥಿಗಳು. ವಿಭಾಗವು ಈ ವರ್ಷ ಒಂದು ಚಿಕ್ಕ ಕೆಲಸವನ್ನು ಕೈಗೊಳ್ಳಬಹುದು: ಬಡಗಿ, ಗಾರೆಯವರು, ಬಣ್ಣದವರ ಬಳಿ ಕುಳಿತು ಸಂದು, ಅಂಚುಪಟ್ಟಿ, ಒಳಮೈ, ಅಸ್ತರಿನಂತಹ ನೂರು ಪದಗಳನ್ನು ಸಂಗ್ರಹಿಸಿ, ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲಿಯೂ ಅರ್ಥ ಬರೆಯುವುದು. ಅನಂತರ ಒಂದು ಅಲಮಾರಿನ ವಿವರಣೆಯನ್ನು ‘ಒಳ್ಳೆಯ’, ‘ಉತ್ತಮ’ ಎಂಬ ಪದಗಳಿಲ್ಲದೆ ಬರೆದು, ಅದನ್ನು ಇಬ್ಬರು ಬಡಗಿಗಳಿಗೆ ಬೇರೆ ಬೇರೆಯಾಗಿ ಓದಿಹೇಳುವುದು. ಇಬ್ಬರಿಗೂ ಅದು ಒಂದೇ ಅಲಮಾರಾಗಿ ಕಂಡರೆ ನಾವು ಬರೆದ ಕನ್ನಡ ಸರಿಯಾಗಿದೆ.