ಫೋನು ಹಳೇದಾಗಿಲ್ಲ, ಕಣಜ ತುಂಬಿದೆ ಅಷ್ಟೇ

ಇವತ್ತು ಬೆಳೆ ಬಗ್ಗೆ ಬರೀತಿಲ್ಲ, ಜೇಬಿನಲ್ಲಿರೋ ಫೋನ್ ಬಗ್ಗೆ ಬರೀತಿದೀನಿ. ಇದು ಹುಡುಗರ ವಿಷಯ, ನಮಗ್ಯಾಕೆ ಅಂತ ಮುಂದಕ್ಕೆ ಹೋಗಬೇಡಿ. ಎರಡು ಎಕರೆ ರಾಗಿ ವಿಮೆ ಈ ವಿಷಯಕ್ಕೇ ಕೈತಪ್ಪಿ ಹೋಗೋದರಲ್ಲಿತ್ತು.

ಹೋದ ಸುಗ್ಗೀಲಿ ನಡೆದದ್ದು. ರಾಗಿ ಕೊಯ್ದು ಅರಿ ಬಿಟ್ಟಿದ್ದೆ. ಇನ್ನೆರಡು ದಿನ ಬಿಸಿಲು ಸಿಕ್ಕಿದ್ರೆ ಕಂತೆ ಕಟ್ಟಿ ಮೆದೆ ಹಾಕೋದು. ಅಷ್ಟರಲ್ಲಿ ಮೋಡ ಕಟ್ಟಿ ಒಂದು ರಾತ್ರಿ, ಒಂದು ಹಗಲು ಬಿಡದೆ ಹುಯ್ತು. ಬೆಳಗ್ಗೆ ಹೊಲಕ್ಕೆ ಹೋದ್ರೆ ಅರಿ ಎಲ್ಲ ನೀರಲ್ಲಿ. ಫಸಲ್ ಬಿಮಾದಲ್ಲಿ ಕೊಯ್ದು ಹೊಲದಲ್ಲಿ ಒಣಗೋಕೆ ಬಿಟ್ಟ ಬೆಳೆಗೂ 14 ದಿನದ ತನಕ ಅಕಾಲಿಕ ಮಳೆಗೆ ರಕ್ಷಣೆ ಇದೆ. ಆದರೆ ಹಾನಿಯಾದ 72 ಗಂಟೆ ಒಳಗೆ ತಿಳಿಸಬೇಕು. ನನಗೆ ಇದು ಗೊತ್ತಿತ್ತು. ಫೋಟೊ ತೆಗೆಯೋಣ ಅಂತ ಫೋನ್ ಎತ್ತಿದೆ. ‘ಸ್ಟೋರೇಜ್ ಫುಲ್’ ಅಂತು.

ಮೊಣಕಾಲುದ್ದ ಕೆಸರಲ್ಲಿ ನಿಂತು ಡಿಲೀಟ್ ಮಾಡೋಕೆ ಶುರು ಮಾಡ್ದೆ. ಏನು ಡಿಲೀಟ್ ಮಾಡ್ದೆ? ನನಗೆ ಗೊತ್ತಿದ್ದದ್ದು ಕ್ಯಾಮೆರಾ ಫೋಟೊ ಮಾತ್ರ. ನಾನೇ ತೆಗೆದಿದ್ದ ನಾನೂರು ಫೋಟೊ. ತೆನೆ ಬಿಟ್ಟ ರಾಗಿ, ಗೊಬ್ಬರದ ರಸೀದಿ, ಮಣ್ಣು ಪರೀಕ್ಷೆ ಚೀಟಿ, ಎಲ್ಲ. ಆಮೇಲೂ ಫುಲ್ ಅಂತಾನೇ ಬಂತು. ವಿಮೆ ಕಟ್ಟಿದ ರಸೀದಿ ಫೋಟೊ ಹೋಯ್ತು, ಮೂರು ವರ್ಷದ ಹಿಂದಿನ ಸಂಕ್ರಾಂತಿ ಶುಭಾಶಯ ಹಾಗೇ ಉಳೀತು. ಇದಕ್ಕಿಂತ ದಡ್ಡತನ ಇದೆಯಾ?

ಅಲ್ಲಿಂದ ಪೇಟೆ ಮೊಬೈಲ್ ಅಂಗಡಿಗೆ ಹೋದೆ. ಹುಡುಗ ಫೋನನ್ನ ಎರಡು ಸಲ ತಿರುಗಿಸಿ ನೋಡಿದ. ಸೆಟ್ಟಿಂಗ್ಸ್ ತೆಗೀಲಿಲ್ಲ, ಏನೂ ಒತ್ತಲಿಲ್ಲ. “ಯಜಮಾನ್ರೇ, ಇದು ಹಳೇ ಪೀಸು. ಮೆಮೊರಿ ಹೋಗಿದೆ. ಹೊಸದು ತಗೊಂಡ್ಬಿಡಿ, ಹದಿನಾಲ್ಕೂವರೆ ಸಾವಿರ, ಇಎಂಐ ಮಾಡ್ಕೊಡ್ತೀನಿ” ಅಂದ. ನಾನು ಆಧಾರ್ ಕಾರ್ಡು ತೆಗೆದು ಕೈಗೆ ಕೊಟ್ಟೂ ಆಗಿತ್ತು. ಸರ್ವರ್ ಇಲ್ಲ ಅಂತ ಆವತ್ತು ಆಗಲಿಲ್ಲ. ನನ್ನ ಪುಣ್ಯ.

ರಾತ್ರಿ ಮಗಳು ಊರಿಗೆ ಬಂದಳು. ಐದು ನಿಮಿಷ ನೋಡಿ, “ಅಪ್ಪ, ಫೋನಿಗೆ ಏನೂ ಆಗಿಲ್ಲ. ಕಸ ಹೊರಗೆ ಹಾಕಿಲ್ಲ ನೀನು ಅಷ್ಟೇ” ಅಂದಳು. ನಾನು ಅಳಿಸಿದ್ದ ನಾನೂರು ಫೋಟೊ ಟ್ರ್ಯಾಶ್ ಅನ್ನೋ ಬುಟ್ಟೀಲಿ ಹಾಗೇ ಕೂತಿತ್ತು. ಅಳಿಸಿದ್ದು ತಕ್ಷಣ ಹೋಗಲ್ಲ, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗದೇ ಇರೋದು 30 ದಿನ ಅಲ್ಲೇ ಇರುತ್ತೆ. ಅದಕ್ಕೇ ಅಳಿಸಿದ್ರೂ ಜಾಗ ಆಗಿರಲಿಲ್ಲ, ಅದಕ್ಕೇ ಫೋಟೊ ವಾಪಸ್ಸೂ ಸಿಕ್ಕಿತು. ಬೆಳಗ್ಗೆ ಹೊಲಕ್ಕೆ ಹೋಗಿ ಫೋಟೊ ತೆಗೆದು, 72 ಗಂಟೆ ಮುಗಿಯೋದರೊಳಗೆ ದೂರು ದಾಖಲಿಸಿದೆ. ಹಣದ ವಿಷಯ ಇನ್ನೊಂದು ದಿನ ಬರೀತೀನಿ, ಅದು ಬೇರೆ ರಾಮಾಯಣ.

ನನ್ನ ಸಿಟ್ಟು ಅಂಗಡಿ ಹುಡುಗನ ಮೇಲೆ ಮಾತ್ರ ಅಲ್ಲ. ನಮ್ಮ ಮೇಲೂ ಇದೆ. ನಾವು ರೈತರು. ಬಿತ್ತನೆ ರಾಗೀನ ಸೇರಲ್ಲಿ ಅಳೀತೀವಿ, ಬೋರಲ್ಲಿ ಎಷ್ಟು ಇಂಚು ನೀರು ಅಂತ ಕೇಳ್ತೀವಿ, ಮೂಟೆ ತೂಕದಲ್ಲಿ ಅರ್ಧ ಕೆಜಿ ಹೊಡೆದ್ರೆ ಮಂಡೀಲಿ ಜಗಳಕ್ಕೆ ನಿಲ್ತೀವಿ. ಆದರೆ ಸಾಲ ಮಾಡಿ ತಂದ ಫೋನಲ್ಲಿ ಎಷ್ಟು ಜಾಗ ಇದೆ, ಎಷ್ಟು ತುಂಬಿದೆ ಅಂತ ಒಂದು ದಿನ ಅಳೆದು ನೋಡಿದೀವಾ? ಅಳತೆ ಗೊತ್ತಿಲ್ಲದವನಿಗೆ ಮೋಸ ಮಾಡೋದು ಸುಲಭ.

ಮೊದಲು ಎರಡು ಮಾತು ಬೇರೆ ಮಾಡ್ಕೊಳ್ಳಿ. ಅಂಗಡಿಯವರು ಎರಡಕ್ಕೂ ‘ಮೆಮೊರಿ’ ಅಂತಾರೆ, ಗೊಂದಲ ಅಲ್ಲೇ ಶುರು. ಒಂದು ರ‍್ಯಾಮ್. ಇನ್ನೊಂದು ಸ್ಟೋರೇಜ್. ರ‍್ಯಾಮ್ ಅಂದ್ರೆ ಕಣ, ಸ್ಟೋರೇಜ್ ಅಂದ್ರೆ ಕಣಜ. ಕಣದಲ್ಲಿ ಆವತ್ತಿನ ಕೆಲಸ ನಡೆಯುತ್ತೆ. ತುಳಿಸಿ, ತೂರಿ, ಕೆಲಸ ಮುಗಿದ ಮೇಲೆ ಖಾಲಿ. ಕಾಳು ವರ್ಷಗಟ್ಟಲೆ ಕೂರೋದು ಕಣಜದಲ್ಲಿ. ಫೋಟೊ ತೆಗೆಯೋಕೆ ಜಾಗ ಇಲ್ಲ ಅಂದ್ರೆ ಕಣಜ ತುಂಬಿದೆ ಅಂತ. ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹೋಗಿ ಬರೋದರಲ್ಲಿ ಮೊದಲನೇದು ಮತ್ತೆ ಶುರುವಿನಿಂದ ತೆರೆದುಕೊಂಡ್ರೆ ಕಣ ಚಿಕ್ಕದು ಅಂತ. ಎರಡು ಬೇರೆ ಕಾಯಿಲೆ, ಎರಡಕ್ಕೂ ಬೇರೆ ಮದ್ದು. ಕಣಜ ತುಂಬಿ ತುಳುಕೋ ಹಂಗಾದ್ರೆ ಮಾತ್ರ ಇಡೀ ಫೋನೇ ಎಳೆದಾಡುತ್ತೆ. ಆಗ ಕಣ ಚೆನ್ನಾಗಿದ್ರೂ ಉಪಯೋಗ ಇಲ್ಲ.

ನೋಡೋದು ಹೇಗೆ? ಸೆಟ್ಟಿಂಗ್ಸ್‌ಗೆ ಹೋಗಿ ಸ್ಟೋರೇಜ್ ಒತ್ತಿ. ಕೆಲವು ಫೋನಲ್ಲಿ ಅದು ‘ಅಬೌಟ್ ಫೋನ್’ ಒಳಗೆ ಇರುತ್ತೆ. ಎಲ್ಲೂ ಸಿಗಲಿಲ್ಲ ಅಂದ್ರೆ ಸೆಟ್ಟಿಂಗ್ಸ್ ಮೇಲಿರೋ ಹುಡುಕೋ ಜಾಗದಲ್ಲಿ ಸ್ಟೋರೇಜ್ ಅಂತ ಬರೆಯಿರಿ. ರ‍್ಯಾಮ್ ಎಷ್ಟು ಅನ್ನೋದೂ ‘ಅಬೌಟ್ ಫೋನ್’ನಲ್ಲೇ ಸಿಗುತ್ತೆ. ಇಷ್ಟೇ. ಇದಕ್ಕೆ ಇಂಜಿನಿಯರ್ ಬೇಡ. ನಾನು ಎಸ್ಸೆಸ್ಸೆಲ್ಸಿ.

ನನ್ನ ಫೋನ್ 64 ಜಿಬಿದು. ಅವತ್ತು ರಾತ್ರಿ ಲೆಕ್ಕ ಹಾಕಿದ್ವಿ. ಫೋನು ನಡೆಯೋಕೆ ಬೇಕಾದ ಸಿಸ್ಟಂ 17 ಜಿಬಿ. ಇದನ್ನ ಯಾರೂ ಮುಟ್ಟೋಕಾಗಲ್ಲ. ಡಬ್ಬದ ಮೇಲೆ 64 ಅಂತ ಬರೆದಿದ್ರೂ ನಮ್ಮ ಕೈಗೆ ಸಿಗೋದು ನಲವತ್ತೇಳೇ. ಉಳಿದ ಆ್ಯಪ್‌ಗಳದು 9. ನಾನೇ ತೆಗೆದ ಫೋಟೊ, ವಿಡಿಯೋ 9. ವಾಟ್ಸಾಪ್ ಒಂದರಲ್ಲೇ 24! ಫೋನಿನ ಪಟ್ಟೀಲಿ ಅದು ವಾಟ್ಸಾಪ್ ಹೆಸರಲ್ಲಿ ಪೂರ್ತಿ ಕಾಣಲ್ಲ, ಇಮೇಜಸ್, ವಿಡಿಯೋಸ್ ಅಂತ ಬೇರೆ ಬೇರೆ ಹೆಸರಲ್ಲಿ ಹಂಚಿಕೊಂಡು ಕೂತಿರುತ್ತೆ. ಕಣಜದಲ್ಲಿ ರಾಗಿಗಿಂತ ಹೊಟ್ಟೇ ಜಾಸ್ತಿ.

ಇದು ಹೇಗೆ ಆಯ್ತು ಅಂತ ಕೂತು ಗುಣಿಸಿದೆ. ದಿನಕ್ಕೆ ನಲವತ್ತು ಶುಭೋದಯದ ಚಿತ್ರ, ಒಂದೊಂದು 200 ಕೆಬಿ ಅಂದ್ರೆ ದಿನಕ್ಕೆ 8 ಎಂಬಿ. ವರ್ಷಕ್ಕೆ ಹತ್ತಿರ ಹತ್ತಿರ 3 ಜಿಬಿ. ದಿನಕ್ಕೆ ಐದೇ ಐದು ವಿಡಿಯೋ, ಒಂದೊಂದು 8 ಎಂಬಿ ಅಂದ್ರೆ ವರ್ಷಕ್ಕೆ ಹದಿನಾಲ್ಕೂವರೆ ಜಿಬಿ. ನಾವು ನೋಡಿದ್ರೂ ಸರಿ, ನೋಡದೆ ಇದ್ರೂ ಸರಿ, ಬಂದು ಬೀಳೋದು ಬಿದ್ದೇ ಬೀಳುತ್ತೆ.

ಇಲ್ಲಿ ನೇರವಾಗಿ ಒಂದು ಮಾತು. ಊರಿನ ಗುಂಪು, ಜಾತಿ ಗುಂಪು, ಪಕ್ಷದ ಗುಂಪು, ಬ್ಯಾಚ್‌ಮೇಟ್ ಗುಂಪು ಅಂತ ಬೆಳಗ್ಗೆ ಎದ್ದು ಹೂವಿನ ಚಿತ್ರ ಕಳಿಸೋ ಮಹನೀಯರೇ, ನಿಮ್ಮ ಪ್ರೀತಿ ದೊಡ್ಡದು. ಆದರೆ ನಿಮ್ಮ ಮನೆ ತಿಪ್ಪೇನ ನಮ್ಮ ಕಣಕ್ಕೆ ತಂದು ಸುರಿದ್ರೆ ಸುಮ್ಮನಿರ್ತೀವಾ? ಅದೇ ಕೆಲಸ ಫೋನಲ್ಲಿ ಮಾಡ್ತಿದ್ದೀರಿ. ನಮಸ್ಕಾರ ಹೇಳಬೇಕು ಅನಿಸಿದ್ರೆ ಅಕ್ಷರದಲ್ಲಿ ಬರೆಯಿರಿ, ಅದು ಜಾಗಾನೇ ತಿನ್ನಲ್ಲ.

ವಾಟ್ಸಾಪ್ ಸ್ವಚ್ಛ ಮಾಡೋ ದಾರಿ ಅದರೊಳಗೇ ಇದೆ. ಸೆಟ್ಟಿಂಗ್ಸ್, ಆಮೇಲೆ ಸ್ಟೋರೇಜ್ ಅಂಡ್ ಡೇಟಾ, ಆಮೇಲೆ ಮ್ಯಾನೇಜ್ ಸ್ಟೋರೇಜ್. ಯಾವ ಗುಂಪು ಎಷ್ಟು ತಿಂದಿದೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಪಟ್ಟಿ ಬರುತ್ತೆ. 5 ಎಂಬಿಗಿಂತ ದೊಡ್ಡದು, ತುಂಬಾ ಸಲ ಫಾರ್ವರ್ಡ್ ಆದದ್ದು ಅಂತ ಬೇರೆ ಮಾಡಿ ತೋರಿಸುತ್ತೆ. ಅಲ್ಲಿಂದ ಶುರು ಮಾಡಿ. ಪೂರ್ತಿ ಗುಂಪನ್ನ ಒಂದೇ ಸಲ ಬಳೀಬೇಡಿ, ಒಳಗೆ ಪಹಣಿ, ಬಿಲ್ಲು ಇರಬಹುದು. ಅಲ್ಲೇ ಹಿಂದಿನ ಪುಟದಲ್ಲಿ ಆಟೋ ಡೌನ್‌ಲೋಡ್ ಇದೆ. ಮೊಬೈಲ್ ಡೇಟಾ, ವೈಫೈ, ಎರಡರಲ್ಲೂ ಎಲ್ಲ ಟಿಕ್ ತೆಗೆದುಬಿಡಿ. ಇನ್ಮೇಲೆ ನೀವು ಒತ್ತಿದ್ರೆ ಮಾತ್ರ ಇಳಿಯುತ್ತೆ. ನಾನು ಹೀಗೆ ಒಂದು ರಾತ್ರೀಲಿ 20 ಜಿಬಿ ಖಾಲಿ ಮಾಡ್ದೆ. ಖರ್ಚು ಸೊನ್ನೆ.

ಇನ್ನು ಮಾರೋರ ಆಟಕ್ಕೆ ಬರೋಣ. ‘12 ಜಿಬಿ ರ‍್ಯಾಮ್’ ಅಂತ ದೊಡ್ಡ ಅಕ್ಷರದಲ್ಲಿ ಹಾಕಿರ್ತಾರೆ. ಕೆಳಗೆ ಇರುವೆ ಗಾತ್ರದಲ್ಲಿ ‘6 + 6’ ಅಂತ ಇರುತ್ತೆ. ಮೊದಲ ಆರು ನಿಜವಾದ ರ‍್ಯಾಮ್. ಎರಡನೇ ಆರು ಸ್ಟೋರೇಜ್‌ನಿಂದಲೇ ಕಡ ತಂದದ್ದು. ಕಣಜದ ಮೂಲೇಲಿ ಒಂದಿಷ್ಟು ಜಾಗ ಗುಡಿಸಿ ಇದೂ ಕಣಾನೇ ಅಂದಂಗೆ. ನಿಜವಾದ ರ‍್ಯಾಮಿನ ವೇಗ ಅದಕ್ಕೆ ಬರಲ್ಲ, ಅಷ್ಟು ಸ್ಟೋರೇಜೂ ಕಮ್ಮಿ ಆಗುತ್ತೆ. ಕೊಳ್ಳೋವಾಗ “ಕೂಡಿಸದೇ ಇರೋ ರ‍್ಯಾಮ್ ಎಷ್ಟಪ್ಪ?” ಅಂತ ಕೇಳಿ. ಅರ್ಧ ಜನ ಮುಖ ಮುಖ ನೋಡ್ತಾರೆ.

ಇನ್ನೊಂದು ಕಾಟ ಕ್ಲೀನರ್ ಆ್ಯಪ್. “ನಿಮ್ಮ ಫೋನು ಅಪಾಯದಲ್ಲಿದೆ, ಬೂಸ್ಟ್ ಮಾಡಿ” ಅಂತ ಹೆದರಿಸಿ ಒಳಗೆ ಬರುತ್ತೆ. ಜಾಗ ಮಾಡೋಕೆ ಬಂದದ್ದು ತಾನೇ ಜಾಗ ಹಿಡಿದು ಜಾಹೀರಾತು ತೋರಿಸ್ತಾ ಕೂರುತ್ತೆ. ರ‍್ಯಾಮನ್ನ ಆಂಡ್ರಾಯ್ಡ್ ತಾನೇ ನೋಡ್ಕೊಳ್ಳುತ್ತೆ, ಬೇಕಾದಾಗ ಹಳೇದನ್ನ ತಾನೇ ತಳ್ಳುತ್ತೆ. ನಾವು ಗಳಿಗೆಗೊಂದು ಸಲ ಎಲ್ಲ ಆ್ಯಪ್‌ನೂ ಮೇಲಕ್ಕೆ ತಳ್ಳಿ ಮುಚ್ಚೋದರಿಂದ ಲಾಭ ಇಲ್ಲ. ಮತ್ತೆ ತೆಗೆದಾಗ ಮೊದಲಿಂದ ಶುರುವಾಗಿ ಬ್ಯಾಟರಿ ತಿನ್ನುತ್ತೆ.

ಸಂತೇಲಿ ಮುನ್ನೂರು ರೂಪಾಯಿಗೆ 1 ಟಿಬಿ ಮೆಮೊರಿ ಕಾರ್ಡ್ ಅಂತ ಮಾರ್ತಾರೆ. ಆ ಬೆಲೆಗೆ ಅದು ಬರಲ್ಲ, ನಕಲಿ. ಫೋನಿಗೆ ಹಾಕಿದ್ರೆ 1 ಟಿಬಿ ಅಂತಾನೇ ತೋರಿಸುತ್ತೆ, ನಿಜವಾಗಿ ಒಳಗಿರೋ ಜಾಗ ಮುಗಿದ ಮೇಲೆ ಹಾಕಿದ ಫೋಟೊ ಕೆಟ್ಟುಹೋಗುತ್ತೆ. ಬಿಲ್ಲು ಇರೋ ಒಳ್ಳೇ ಕಾರ್ಡ್ ತಗೊಂಡು ಕ್ಯಾಮೆರಾ ಫೋಟೊ ಅದಕ್ಕೆ ಹೋಗೋ ಹಾಗೆ ಮಾಡ್ಕೊಳ್ಳಿ. ವಾಟ್ಸಾಪ್ ಮಾತ್ರ ಕಾರ್ಡಿಗೆ ಹೋಗಲ್ಲ, ಅದು ಫೋನಿನೊಳಗೇ ಕೂರುತ್ತೆ. ಗೂಗಲ್‌ಗೆ ಹಾಕ್ತೀವಿ ಅನ್ನೋರಿಗೂ ಒಂದು ಮಾತು: ಬಿಟ್ಟಿ ಜಾಗ 15 ಜಿಬಿ ಮಾತ್ರ, ಜಿಮೇಲೂ ಅದರಲ್ಲೇ. 2021ರ ಜೂನ್‌ನಿಂದ ಫೋಟೋನೂ ಆ ಲೆಕ್ಕಕ್ಕೇ ಸೇರುತ್ತೆ.

ಎಚ್ಚರಿಕೆ ಒಂದಿದೆ. ಆ್ಯಪ್ ಒಳಗೆ ‘ಕ್ಲಿಯರ್ ಕ್ಯಾಶೆ’, ‘ಕ್ಲಿಯರ್ ಡೇಟಾ’ ಅಂತ ಎರಡು ಇರುತ್ತೆ. ಕ್ಯಾಶೆ ತೆಗೆದ್ರೆ ತೊಂದರೆ ಇಲ್ಲ. ಡೇಟಾ ತೆಗೆದ್ರೆ ಆ್ಯಪ್ ಹೊಸದಾಗಿ ಹಾಕಿದಂಗೆ. ಬ್ಯಾಂಕಿನದು, ಹಣ ಕಳಿಸೋದು ಎಲ್ಲ ಮತ್ತೆ ನೋಂದಾಯಿಸಬೇಕು. “ಫಾರ್ಮ್ಯಾಟ್ ಹೊಡೀತೀನಿ” ಅಂತ ಅಂಗಡೀಲಿ ಯಾರಾದ್ರೂ ಅಂದ್ರೆ ಫೋನ್ ಕಿತ್ಕೊಂಡು ಮನೆಗೆ ಬನ್ನಿ. ಬ್ಯಾಕಪ್ ಇಲ್ಲದೆ ಅದನ್ನ ಮಾಡಿಸಿದ್ರೆ ತೀರಿಹೋದ ಅಪ್ಪ ಅಮ್ಮನ ದನೀನೂ ಹೋಗುತ್ತೆ.

ಸರ್ಕಾರದವರಿಗೂ ಒಂದು ಮಾತು ಹೇಳದೆ ಬಿಡಲ್ಲ. ಬೆಳೆ ಸಮೀಕ್ಷೆಗೆ ಒಂದು ಆ್ಯಪ್, ಪಿಎಂ ಕಿಸಾನ್‌ಗೆ ಒಂದು, ಸರ್ವೆ ನಂಬರ್ ನೋಡೋಕೆ ದಿಶಾಂಕ್, ಹವಾಮಾನಕ್ಕೆ ಮೇಘದೂತ್, ಸಿಡಿಲಿಗೆ ದಾಮಿನಿ. ಒಂದೊಂದೂ ಉಪಯೋಗದ್ದೇ, ಇಲ್ಲ ಅನ್ನಲ್ಲ. ಬೆಳೆ ವಿವರ ರೈತನೇ ಹಾಕೋ ಹಂಗೆ ಆದದ್ದು ಒಳ್ಳೇದೇ. ಆದರೆ ಇದನ್ನೆಲ್ಲ ಇಡೋಕೆ ಯಾರ ಫೋನು? ಯಾರ ಜಾಗ? ಆ್ಯಪ್ ಮಾಡೋರು ಹೊಸ ಫೋನ್ ಇಟ್ಕೊಂಡು ಮಾಡ್ತಾರೆ, ಬಳಸೋರು ಐದು ವರ್ಷದ ಹಿಂದಿನ ಫೋನ್ ಇಟ್ಕೊಂಡು ಹೊಲದಲ್ಲಿ ನಿಂತಿರ್ತಾರೆ. ಆ್ಯಪ್ ಹಗುರ ಇರಲಿ. ಫೋನ್ ಇಲ್ಲದೋರಿಗೆ, ಜಾಗ ಇಲ್ಲದೋರಿಗೆ ಕಾಗದದ ದಾರಿ ಮುಚ್ಚಬೇಡಿ. ಫೋಟೊ ಇಲ್ಲ ಅಂದ್ರೆ ಬೆಳೇನೇ ಇರಲಿಲ್ಲ ಅನ್ನೋದು ನ್ಯಾಯ ಅಲ್ಲ.

ರೈತರು ಮಾಡಬೇಕಾದ್ದು: ಸೀಸನ್ ಮುಗಿದ ಮೇಲೆ ಬೇಡದ ಆ್ಯಪ್ ತೆಗೀರಿ. ಆದರೆ ಹಾಕಿದ ಫೋಟೊ ಅಪ್‌ಲೋಡ್ ಆಗಿದೆಯಾ ಅಂತ ನೋಡಿಯೇ ತೆಗೀರಿ. ನೆಟ್‌ವರ್ಕ್ ಇಲ್ಲದ ಹೊಲದಲ್ಲಿ ತೆಗೆದದ್ದು ಫೋನಲ್ಲೇ ಕೂತಿದ್ರೆ ಆ್ಯಪ್ ಜೊತೆ ಅದೂ ಹೋಗುತ್ತೆ.

“ಹೊಸ ಫೋನ್ ತಗೊಂಡ್ರೆ ಈ ತಲೆನೋವೇ ಇರಲ್ಲವಲ್ಲ” ಅಂತ ನಮ್ಮ ಪಕ್ಕದ ತೋಟದವರು ಅಂದ್ರು. ಅವರು ತಗೊಂಡ್ರು. 128 ಜಿಬಿ. ಹಳೇ ಫೋನಿಂದ ಎಲ್ಲ ಕಸಾನೂ ಹೊಸದಕ್ಕೆ ಸಾಗಿಸಿದ್ರು. ಒಂದೂವರೆ ವರ್ಷಕ್ಕೆ ಅದೂ ಫುಲ್. ಹೊಟ್ಟು ಜರಡಿ ಹಿಡೀದೆ ಕಣಜ ದೊಡ್ಡದು ಮಾಡಿದ್ರೆ ಹೊಟ್ಟೇ ಜಾಸ್ತಿ ಆಗೋದು.

ಫೋನ್ ಬದಲಾಯಿಸೋ ಕಾಲ ಬರೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಬ್ಯಾಟರಿ ಉಬ್ಬಿದ್ರೆ, ಬೇಕಾದ ಬ್ಯಾಂಕ್ ಆ್ಯಪ್ ಆ ಹಳೇ ಆಂಡ್ರಾಯ್ಡ್‌ನಲ್ಲಿ ನಡೆಯದೇ ಹೋದ್ರೆ, ಸುರಕ್ಷತೆ ಅಪ್‌ಡೇಟ್ ನಿಂತು ವರ್ಷಗಟ್ಟಲೆ ಆಗಿದ್ರೆ ಬದಲಾಯಿಸಲೇಬೇಕು. ಬೇಡದ್ದೆಲ್ಲ ತೆಗೆದ ಮೇಲೂ ಜಾಗ ಸಾಲದಿದ್ರೂ ಬದಲಾಯಿಸಿ. ಆದರೆ ಅಳೆದು ನೋಡಿ ಆಮೇಲೆ. ಅಂಗಡಿಯವನು ಹೇಳಿದ ಅಂತ ಅಲ್ಲ. ಹದಿನಾಲ್ಕೂವರೆ ಸಾವಿರ ಅಂದ್ರೆ ನಮ್ಮ ಮನೇಲಿ ಒಂದು ಬೆಳೆಯ ಗೊಬ್ಬರ, ಬೀಜ, ಉಳುಮೆ ಎಲ್ಲ ಸೇರಿದ ಖರ್ಚು.

ನಮ್ಮ ಮನೆ ಲೆಕ್ಕ ಈಗ ಇದು: ಅಮಾವಾಸ್ಯೆ ದಿನ ಎತ್ತು ಹೂಡಲ್ಲ, ಆವತ್ತು ಹತ್ತು ನಿಮಿಷ ಫೋನು. ಸ್ಟೋರೇಜ್ ತೆಗೆದು ನೋಡೋದು, ವಾಟ್ಸಾಪ್ ಜರಡಿ ಹಿಡಿಯೋದು, ಟ್ರ್ಯಾಶ್ ಖಾಲಿ ಮಾಡೋದು. ಹತ್ತರಲ್ಲಿ ಎರಡು ಪಾಲು ಯಾವಾಗ್ಲೂ ಖಾಲಿ ಇರಬೇಕು. ಮಳೆ ಹೇಳಿ ಕೇಳಿ ಬರಲ್ಲ.

ಇದನ್ನ ಓದಿದೋರು ಈಗಲೇ ಸೆಟ್ಟಿಂಗ್ಸ್ ತೆಗೆದು ನಿಮ್ಮದು ಎಷ್ಟು ತುಂಬಿದೆ ನೋಡಿ. ಓದೋಕೆ ಬರದ ಪಕ್ಕದ ಮನೆ ಅಜ್ಜಂಗೂ ನೋಡಿಕೊಡಿ. ದಯವಿಟ್ಟು ಒಂದು ಉಪಕಾರ ಮಾಡಿ, ಇದನ್ನ ಫೋಟೊ ತೆಗೆದು ಗುಂಪಿಗೆ ಹಾಕಬೇಡಿ. ಬಾಯಲ್ಲಿ ಹೇಳಿ ಸಾಕು.