ಹಸಿರು ದೀಪ ನೋಡಿ ಸುಮ್ಮನಾಗುವವರಿಗೆ

ಸೀಲಿಂಗಿನಲ್ಲಿ ಬಿಳಿ ತಟ್ಟೆಯಂತೆ ಅಂಟಿಕೊಂಡಿರುವ ಸ್ಮೋಕ್ ಡಿಟೆಕ್ಟರಿನ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಡಬ್ಬಿಯ ಜೊತೆ ಬರುವ ಕಾಗದದಲ್ಲೇ ಹಾಗೆ ಬರೆದಿರುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ಒತ್ತಿದ್ದಾರಾ? ಶಾರ್ಜಾದ ರೂಮಿನಲ್ಲಿ ನಿಮ್ಮ ತಮ್ಮ ಒತ್ತಿದ್ದಾನಾ? ಮಗ ಓದುತ್ತಿರುವ ಹಾಸ್ಟೆಲಿನ ವಾರ್ಡನ್? ಇಲ್ಲ. ಏಣಿ ತರಬೇಕು, ಕುರ್ಚಿ ಹತ್ತಬೇಕು, ಅದು ಕಿರುಚಿದರೆ ಮಲಗಿದ ಮಗು ಏಳುತ್ತದೆ. ಒತ್ತುವವರಿಲ್ಲದ ಬಟನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದ್ದರಿಂದ ನಮ್ಮಂಥವರಿಗೆ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಡಿಟೆಕ್ಟರೇ ಬೇಕು. ಅದು ದುಡ್ಡಿದ್ದವರ ಶೋಕಿ ಎನ್ನುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ "ಸೆಲ್ಫ್ ಟೆಸ್ಟ್" ಎಂಬ ಒಂದು ಶಬ್ದ ಹೇಳಿ ನಮಗೆ ಟೋಪಿ ಹಾಕುವವರನ್ನು ಅದಕ್ಕಿಂತಲೂ ಒಪ್ಪುವುದಿಲ್ಲ.

ಇಷ್ಟು ಜೋರು ಯಾಕೆ ಎಂದು ಕೇಳಬಹುದು. 2024ರ ಜೂನ್ 12ರಂದು ಕುವೈತಿನ ಮಂಗಫ್‌ನಲ್ಲಿ ಕಾರ್ಮಿಕರು ವಾಸವಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಬೆಂಕಿ ಹುಟ್ಟಿದ್ದು ಕೆಳ ಅಂತಸ್ತಿನಲ್ಲಿ, ಹೊತ್ತು ಬೆಳಗಿನ ಜಾವ, ಜನ ಮೇಲಿನ ಅಂತಸ್ತುಗಳಲ್ಲಿ ನಿದ್ದೆಯಲ್ಲಿದ್ದರು. ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಹೊಗೆ. ವಾಯುಪಡೆಯ ವಿಮಾನ 45 ಭಾರತೀಯರ ಮೃತದೇಹಗಳನ್ನು ಹೊತ್ತು ಕೊಚ್ಚಿಗೆ ಬಂತು. ಅವರಲ್ಲಿ ನಮ್ಮ ಕಾಸರಗೋಡು ಜಿಲ್ಲೆಯವರೂ ಇದ್ದರು. ನಿದ್ದೆಯಲ್ಲಿರುವವನನ್ನು ಮೂಗು ಎಬ್ಬಿಸುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಕಿವಿ ಎಬ್ಬಿಸಬೇಕು. ಮನೆಯ ಅಲಾರ್ಮ್‌ಗಳಿಗೆ ಯುರೋಪಿನ ಮಾನದಂಡ 3 ಮೀಟರ್ ದೂರದಲ್ಲಿ 85 ಡೆಸಿಬೆಲ್ ಸದ್ದು ಕೇಳುವುದು ಸುಮ್ಮನೆ ಅಲ್ಲ.

ಈಗ ಆ ಶಬ್ದಕ್ಕೆ ಬರುತ್ತೇನೆ. ಇಂದು ಹೆಚ್ಚಾಗಿ ಸಿಗುವ ಡಿಟೆಕ್ಟರಿನೊಳಗೆ ಒಂದು ಸಣ್ಣ ಕತ್ತಲೆ ಕೋಣೆ ಇರುತ್ತದೆ. ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಬೆಳಕನ್ನು ಗುರುತಿಸುವ ಸೆನ್ಸರ್. ಇವೆರಡೂ ಎದುರುಬದುರು ಇಲ್ಲ, ಓರೆಯಾಗಿ ಕೂತಿರುತ್ತವೆ. ಹಾಗಾಗಿ ಗಾಳಿ ಶುದ್ಧವಿದ್ದರೆ ಬೆಳಕು ಸೆನ್ಸರಿಗೆ ಬೀಳುವುದಿಲ್ಲ. ಹೊಗೆಯ ಕಣಗಳು ಒಳಗೆ ಬಂದರೆ ಬೆಳಕು ಚದುರಿ ಸೆನ್ಸರಿಗೆ ತಾಗುತ್ತದೆ, ಅಲಾರ್ಮ್ ಕೂಗುತ್ತದೆ. ನಮ್ಮ ಕರಾವಳಿಯಲ್ಲಿ ಈ ಕೋಣೆಗೆ ಧೂಳು ಹೋಗುತ್ತದೆ, ಮಳೆಗಾಲದ ತೇವ ಹೋಗುತ್ತದೆ, ಜೇಡ ಬಲೆ ಕಟ್ಟುತ್ತದೆ. ಒಳ್ಳೆಯ ಡಿಟೆಕ್ಟರ್ ಈ ಧೂಳಿನ ಲೆಕ್ಕ ಇಟ್ಟು ತನ್ನ ಅಳತೆಯನ್ನು ಸರಿಪಡಿಸಿಕೊಳ್ಳುತ್ತಾ ಹೋಗುತ್ತದೆ. ಮಿತಿ ಮೀರಿದಾಗ "ನನ್ನನ್ನು ತೊಳೆಯಿರಿ ಅಥವಾ ಬದಲಿಸಿ" ಎಂದು ಸೂಚನೆ ಕೊಡುತ್ತದೆ.

ಮಾರುವವರು ಬ್ಯಾಟರಿ ಇದೆಯೇ ಎಂದು ನೋಡುವುದಕ್ಕೂ ಸೆಲ್ಫ್ ಟೆಸ್ಟ್ ಎನ್ನುತ್ತಾರೆ, ಸರ್ಕ್ಯೂಟ್ ಸರಿ ಇದೆಯೇ ಎಂದು ನೋಡುವುದಕ್ಕೂ ಅದನ್ನೇ ಹೇಳುತ್ತಾರೆ. ಕೆಲವು ಡಬ್ಬಿಗಳಲ್ಲಂತೂ ನಾವೇ ಒತ್ತಬೇಕಾದ ಬಟನ್ನಿಗೂ ಅದೇ ಹೆಸರು! ನಾವು ಒತ್ತಿದರೆ ಅದು ಎಂತ ಸೆಲ್ಫ್ ಮಾರಾಯ್ರೆ?

ನಾನು ಅಂಗಡಿಯವನ ಮಗ, ತಕ್ಕಡಿಯ ಲೆಕ್ಕದಲ್ಲಿ ಹೇಳುತ್ತೇನೆ. ಎಲೆಕ್ಟ್ರಾನಿಕ್ ತಕ್ಕಡಿಯ ಸ್ವಿಚ್ ಹಾಕಿದ ಕೂಡಲೇ ಪರದೆಯಲ್ಲಿ ಸಾಲಾಗಿ 8 8 8 8 ಮೂಡಿ ಮತ್ತೆ ಸೊನ್ನೆಗೆ ಬರುತ್ತದೆ. ಅದೂ ಒಂದು ಸೆಲ್ಫ್ ಟೆಸ್ಟೇ. ಪರದೆಯ ಗೆರೆಗಳೆಲ್ಲ ಉರಿಯುತ್ತಿವೆ ಎಂದು ಅದು ಹೇಳುತ್ತದೆ. ಒಂದು ಕೆಜಿ ಸಕ್ಕರೆ ಒಂದು ಕೆಜಿ ತೋರಿಸುತ್ತದೆ ಎಂದು ಹೇಳುವುದಿಲ್ಲ. ಅದು ಗೊತ್ತಾಗಬೇಕಾದರೆ ಒಂದು ಕೆಜಿಯ ಕಲ್ಲನ್ನೇ ಮೇಲೆ ಇಡಬೇಕು. ಅಷ್ಟೂ ಸಾಲದೆಂದು ವರ್ಷಕ್ಕೊಮ್ಮೆ ಇಲಾಖೆಯ ಮುದ್ರೆ ಬೇರೆ ಹಾಕಿಸಬೇಕು. "ನನ್ನ ತಕ್ಕಡಿಯನ್ನು ಅದೇ ನೋಡಿಕೊಂಡಿದೆ ಸಾರ್" ಎಂದು ಉಪ್ಪ ಇನ್‌ಸ್ಪೆಕ್ಟರ್ ಹತ್ತಿರ ಹೇಳಿದ್ದರೆ ದಂಡ ಖಂಡಿತ. ಸಕ್ಕರೆ ತೂಗುವ ಯಂತ್ರಕ್ಕೆ ಇಷ್ಟು ಕಟ್ಟುನಿಟ್ಟು. ಉಮ್ಮ, ಹೆಂಡತಿ, ಮಕ್ಕಳು ಮಲಗುವ ಕೋಣೆಯ ಯಂತ್ರಕ್ಕೆ ಹಸಿರು ದೀಪ ಒಂದು ಮಿಣುಕಿದರೆ ಸಾಕಾ?

ಡಿಟೆಕ್ಟರಿಗೂ ಆ ಒಂದು ಕೆಜಿಯ ಕಲ್ಲು ಈಗ ಬಂದಿದೆ, ಅದೇ ಸಂತೋಷದ ಸಂಗತಿ. ಹನಿವೆಲ್‌ನಂಥ ಕಂಪನಿಗಳು ದೊಡ್ಡ ಕಟ್ಟಡಗಳಿಗಾಗಿ ತಂದಿರುವ ಡಿಟೆಕ್ಟರುಗಳು ತಮ್ಮೊಳಗೇ ಒಂದಿಷ್ಟು ಹೊಗೆಯಂಥದ್ದನ್ನು ಹುಟ್ಟಿಸಿ, ಅದು ಸೆನ್ಸರಿಗೆ ಕಂಡಿತೋ ಇಲ್ಲವೋ ನೋಡಿ, ಪ್ಯಾನೆಲಿಗೆ ದಿನಾಂಕ ಸಮೇತ ವರದಿ ಕಳಿಸುತ್ತವೆ. ಕೋಲಿನ ತುದಿಗೆ ಸ್ಪ್ರೇ ಕಟ್ಟಿಕೊಂಡು ನೂರು ಕೋಣೆಗೆ ಏಣಿ ಹೊರುವ ಕೆಲಸ ತಪ್ಪಿತು. ಏಣಿ ಹೊರದೆಯೇ "ಟೆಸ್ಟ್ ಆಯ್ತು" ಎಂದು ರಿಜಿಸ್ಟರಿನಲ್ಲಿ ಸಹಿ ಹಾಕುವ ಗುತ್ತಿಗೆದಾರನ ಕೆಲಸವೂ ಸ್ವಲ್ಪ ಕಷ್ಟವಾಯಿತು. ನನ್ನ ಮಟ್ಟಿಗೆ ಈ ಎರಡನೆಯ ಲಾಭವೇ ದೊಡ್ಡದು.

ಆದರೂ ಯಂತ್ರ ನೋಡುವುದು ತನ್ನನ್ನು, ಕೋಣೆಯನ್ನು ಅಲ್ಲ. ಗಲ್ಫಿನ ಬೆಡ್‌ಸ್ಪೇಸ್ ರೂಮಿನಲ್ಲಿ ಇದ್ದು ಬಂದವರಿಗೆ ಗೊತ್ತು: ಬಂಗುಡೆ ಹುರಿದಾಗ, ಊದು ಹಚ್ಚಿದಾಗ, ಬಾಗಿಲು ಹಾಕಿ ಸಿಗರೇಟು ಸೇದುವಾಗ ಕೂಗುತ್ತದೆ ಎಂದು ಡಿಟೆಕ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟುತ್ತಾರೆ. ಒಳಗಿನ ಸರ್ಕ್ಯೂಟ್ ಸರಿಯೇ ಇರುತ್ತದೆ, ಹಸಿರು ದೀಪ ಚೀಲದೊಳಗಿಂದಲೇ ಮಿಣುಕುತ್ತದೆ. ಹೊರಗಿನ ಹೊಗೆ ಒಳಗೆ ಬರುವ ದಾರಿ ಮುಚ್ಚಿದೆ ಎಂಬುದು ಈ ಮಾದರಿಗೆ ಗೊತ್ತಾಗುತ್ತದೆಯೇ ಎಂದು ಮಾರುವವನನ್ನೇ ಕೇಳಿ. ಅಡುಗೆಮನೆಯ ಹೊಗೆಗೆ ಮದ್ದು ಚೀಲ ಅಲ್ಲ. ಒಲೆ ಇರುವಲ್ಲಿ ಶಾಖ ಗುರುತಿಸುವ ಹೀಟ್ ಡಿಟೆಕ್ಟರ್ ಹಾಕಿಸಿ, ಹೊಗೆಯದ್ದನ್ನು ಮಲಗುವ ಕೋಣೆಯ ಹೊರಗಿನ ಪ್ಯಾಸೇಜಿಗೆ ತನ್ನಿ.

ಇನ್ನು ನಮ್ಮ ಊರಿನ ಫ್ಲಾಟುಗಳು. ಸಂಬಂಧಿಕರೊಬ್ಬರು ಇರುವ ಒಂದು ಕಟ್ಟಡದಲ್ಲಿ (ಹೆಸರು ಬೇಡ) ಪೇಂಟಿಂಗ್ ಸಮಯದಲ್ಲಿ ಧೂಳು ಹೋಗದಂತೆ ಹಾಕಿದ ಪ್ಲಾಸ್ಟಿಕ್ ಮುಚ್ಚಳ ಒಕ್ಕಲಾಗಿ ಎರಡು ವರ್ಷದ ಮೇಲೂ ಹಾಗೇ ಇತ್ತು. ಕೆಳಗೆ ವಾಚ್‌ಮನ್ ಕೋಣೆಯಲ್ಲಿ ಪ್ಯಾನೆಲ್ ಹಳದಿ ದೀಪ ಹಾಕಿ "ಫಾಲ್ಟ್" ಎಂದು ತೋರಿಸುತ್ತಿತ್ತು. ಅದರ ಬೀಪ್ ನಿದ್ದೆ ಕೆಡಿಸುತ್ತದೆ ಎಂದು ಸದ್ದು ಬಂದ್ ಮಾಡಿದ್ದರು. ಯಂತ್ರ ತನ್ನ ಕಾಯಿಲೆಯನ್ನು ತಾನೇ ಹೇಳಿತ್ತು. ಕೇಳಬೇಕಾದವರು ಬಾಯಿಗೆ ಬಟ್ಟೆ ತುರುಕಿದ್ದರು. ಬಿಲ್ಡರಿಗೆ ಬೇಕಿದ್ದದ್ದು ಎನ್‌ಒಸಿ, ಅದು ಸಿಕ್ಕ ದಿನವೇ ಡಿಟೆಕ್ಟರಿನ ಕೆಲಸ ಅವನ ಪಾಲಿಗೆ ಮುಗಿಯಿತು. ದುಡ್ಡು ಕೊಟ್ಟ ಗಂಡಸರು ದುಬೈಯಲ್ಲಿ, ಅಸೋಸಿಯೇಷನ್ ನಡೆಯುವುದು ವಾಟ್ಸ್ಯಾಪಿನಲ್ಲಿ, ರಾತ್ರಿ ಆ ಸೀಲಿಂಗಿನ ಕೆಳಗೆ ಮಲಗುವ ಹೆಂಗಸರನ್ನು ಆ ಗ್ರೂಪಿಗೆ ಸೇರಿಸಿಯೇ ಇಲ್ಲ. ಪ್ಯಾನೆಲಿನ ವರದಿ ತಿಂಗಳಿಗೊಮ್ಮೆ ಮೊದಲು ಬರಬೇಕಾದದ್ದು ಅವರ ಫೋನಿಗೆ.

ಇಂಟರ್ನೆಟ್ಟಿಗೆ ಕಟ್ಟಿಕೊಂಡ ಮನೆ ಡಿಟೆಕ್ಟರುಗಳ ಬಗ್ಗೆಯೂ ಒಂದು ಮಾತು. 2013ರಲ್ಲಿ ಬಂದ ನೆಸ್ಟ್ ಪ್ರೊಟೆಕ್ಟ್ ತನ್ನ ಸೆನ್ಸರನ್ನು ತಾನೇ ನೋಡಿಕೊಳ್ಳುತ್ತಿತ್ತು, ರಾತ್ರಿ ಲೈಟ್ ಆರಿಸಿದಾಗ ಹಸಿರು ಮಿನುಗಿ "ಸರಿ ಇದ್ದೇನೆ" ಎನ್ನುತ್ತಿತ್ತು. ಒಳ್ಳೆಯ ಯಂತ್ರ. 2025ರಲ್ಲಿ ಗೂಗಲ್ ಅದರ ತಯಾರಿ ನಿಲ್ಲಿಸುವುದಾಗಿ ಹೇಳಿತು. ಈಗಾಗಲೇ ಮನೆಗಳಲ್ಲಿ ಇರುವವು ಅವಧಿ ಮುಗಿಯುವವರೆಗೆ ನಡೆಯುತ್ತವಂತೆ, ಸರಿ. ಆದರೆ ಆ್ಯಪ್ ನೋಡಿ ಖರೀದಿಸುವ ಮೊದಲು, ಆ್ಯಪ್ ಇಲ್ಲದಿದ್ದರೂ ಇದು ಕೂಗುತ್ತದೆಯೇ ಎಂದು ಕೇಳುವುದು ಒಳ್ಳೆಯದು.

ಖರ್ಚು ಹೆಚ್ಚು ಎನ್ನುವವರು ಇದ್ದೇ ಇದ್ದಾರೆ. ಹೌದು, ಹೆಚ್ಚು. ಹಾಲಿಗೆ ತೂಗುಹಾಕುವ ಝೂಮರ್ ದೀಪಕ್ಕೆ ಎಷ್ಟಾಯಿತು ಎಂದು ನಾನು ಕೇಳುವುದಿಲ್ಲ, ಕೇಳಿದರೆ ಜಗಳವಾಗುತ್ತದೆ. ಎಲ್ಲರೂ ದುಬಾರಿಯದ್ದನ್ನೇ ತನ್ನಿ ಎಂದೂ ಹೇಳುತ್ತಿಲ್ಲ. ಸ್ವಂತ ಮನೆಯಾದರೆ ಸಾಧಾರಣ ಬ್ಯಾಟರಿ ಡಿಟೆಕ್ಟರ್ ತಂದು, ಪ್ರತಿ ತಿಂಗಳ ಮೊದಲ ಶುಕ್ರವಾರ ಜುಮಾಕ್ಕೆ ಹೊರಡುವ ಮುಂಚೆ ಹುಡುಗರ ಕೈಯಲ್ಲಿ ಕೋಲು ಕೊಟ್ಟು ಬಟನ್ ಒತ್ತಿಸಿ. ಯಾರದ್ದೂ ಅಲ್ಲದ ಜಾಗಗಳಿಗೆ, ಅಂದರೆ ಹಾಸ್ಟೆಲ್, ಬೆಡ್‌ಸ್ಪೇಸ್, ಫ್ಲಾಟಿನ ಪ್ಯಾಸೇಜು, ಬಟ್ಟೆ ಅಂಗಡಿಯ ಗೋದಾಮು, ಇವುಗಳಿಗೆ ನಿಜವಾಗಿ ಹೊಗೆ ಹುಟ್ಟಿಸಿ ನೋಡಿಕೊಳ್ಳುವಂಥದ್ದೇ ಬೇಕೆಂದು ಪಟ್ಟು ಹಿಡಿಯಿರಿ. ಫ್ಲಾಟಿನ ಕರಾರಿಗೆ ಸಹಿ ಹಾಕುವ ಮೊದಲು ಪ್ಯಾನೆಲಿನ ಕಳೆದ ಆರು ತಿಂಗಳ ವರದಿಯ ಪ್ರಿಂಟ್ ಕೇಳಿ. ಕೊಡದಿದ್ದರೆ ಮುಂಗಡ ಕೊಡಬೇಡಿ. ಮನೆಯಲ್ಲಿ ಈಗಾಗಲೇ ಇರುವುದನ್ನು ಇವತ್ತೇ ಕೆಳಗಿಳಿಸಿ ಹಿಂಬದಿ ನೋಡಿ, ತಯಾರಾದ ದಿನಾಂಕ ಇರುತ್ತದೆ. ಅದಕ್ಕೆ ಹತ್ತು ವರ್ಷ ಕಳೆದಿದ್ದರೆ, ದೀಪ ಎಷ್ಟೇ ಹಸಿರಾಗಿ ಉರಿಯಲಿ, ಹೊಸದು ತನ್ನಿ.