ಬಿಟ್ಟಿ ಮನೆಯೂ ಅಲ್ಲ, ಮತಾಂತರದ ಗಾಳವೂ ಅಲ್ಲ

ಕ್ರೈಸ್ತ ಸ್ವಯಂಸೇವಕರು ಬಡವರಿಗೆ ಬಿಟ್ಟಿ ಮನೆ ಕೊಟ್ಟು ಸೋಮಾರಿಗಳನ್ನಾಗಿಸುತ್ತಾರೆ, ಮನೆಯೇ ಮತಾಂತರದ ಗಾಳ, ಅವರು ಬರುವುದು ಫೋಟೊಕ್ಕಾಗಿ ಎಂದು ಕಳೆದ ಸಂಚಿಕೆಯ ಲೇಖನ ಆರೋಪಿಸಿದೆ. ಉದಾಹರಣೆಗೆ ಎತ್ತಿಕೊಂಡಿರುವುದು ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಎಂಬ ಮನೆ ಕಟ್ಟುವ ಸಂಸ್ಥೆಯನ್ನು. ಆಯ್ಕೆಯೇ ತಪ್ಪಿದೆ.

1976ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಮಿಲ್ಲರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ ಇದನ್ನು ಆರಂಭಿಸಿದಾಗಲೇ ಕರಾರು ಸ್ಪಷ್ಟವಿತ್ತು: ಲಾಭವಿಲ್ಲದ ಬೆಲೆ, ಬಡ್ಡಿಯಿಲ್ಲದ ಸಾಲ, ಜೊತೆಗೆ ಮನೆ ಪಡೆಯುವವರದೇ ಮೈಬೆವರು. ಅವರು ಕಟ್ಟುವ ಕಂತು ಮುಂದಿನವರ ಮನೆಗೆ ಹೋಗುತ್ತದೆ. ಇದರಲ್ಲಿ ಸೋಮಾರಿತನ ಎಲ್ಲಿ ಬಂತು? ಮನೆ ಪಡೆಯಲು ಧರ್ಮದ ಷರತ್ತೂ ಇಲ್ಲ.

ಹೀಗೆ ಮನೆ ಕಟ್ಟುವ ವಿಚಾರ ಮೊಳೆತದ್ದು ಕೊಯಿನೋನಿಯಾ ಎಂಬ ಕ್ರೈಸ್ತ ಕೃಷಿ ಸಮುದಾಯದಲ್ಲಿ. ಅಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ದುಡಿದು ಒಟ್ಟಿಗೆ ಉಣ್ಣುತ್ತಿದ್ದರು. ಅಷ್ಟಕ್ಕೇ 1950ರ ದಶಕದಲ್ಲಿ ವಿರೋಧಿಗಳು ಅವರ ಮೇಲೆ ಗುಂಡು ಹಾರಿಸಿದರು, ಬಾಂಬ್ ಹಾಕಿದರು, ವ್ಯಾಪಾರ ಬಹಿಷ್ಕರಿಸಿದರು. ಸಮುದಾಯದವರು ಜಾಗ ಬಿಡಲಿಲ್ಲ. ಫೋಟೊಕ್ಕಾಗಿ ಯಾರೂ ಇಷ್ಟು ಸಹಿಸುವುದಿಲ್ಲ.

ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ 1984ರಿಂದ ಹ್ಯಾಬಿಟಾಟ್ ಜೊತೆ ಕೆಲಸ ಮಾಡಿದವರು. 2006ರಲ್ಲಿ ನಮ್ಮ ಲೋಣಾವಳದ ಬಳಿಗೂ ಬಂದು ಮನೆ ಕಟ್ಟಿದರು. 2019ರ ಅಕ್ಟೋಬರ್‌ನಲ್ಲಿ, 95ರ ವಯಸ್ಸಿನಲ್ಲಿ ಮನೆಯಲ್ಲಿ ಬಿದ್ದು ಹಣೆಗೆ 14 ಹೊಲಿಗೆ ಬಿತ್ತು. ಕಣ್ಣು ಕಪ್ಪುಗಟ್ಟಿ ಊದಿತ್ತು. ಮರುದಿನ ನ್ಯಾಶ್‌ವಿಲ್‌ನ ಕಾಮಗಾರಿ ಜಾಗದಲ್ಲಿ ಡ್ರಿಲ್ ಹಿಡಿದಿದ್ದರು.

ಸ್ವಯಂಸೇವಕರಿಗೆ ಗಾರೆ ಕೆಲಸದವರ ಪಳಗಿದ ಕೈ ಇಲ್ಲ, ಕೆಲಸ ನಿಧಾನ ಎಂದಿದ್ದರೆ ಒಪ್ಪಬಹುದಿತ್ತು. ಅವರ ನಂಬಿಕೆಯನ್ನೇ ಅಪರಾಧವಾಗಿಸುವುದು ಅನ್ಯಾಯ. ಲೇಖಕರು ಈ ಆರೋಪವನ್ನು ಹಿಂತೆಗೆದುಕೊಳ್ಳಬೇಕು.